ದೀಪ ಹಿಡಿದ ಹೆಂಗಸು

ಕೇಳುಗರೇ, ನಮಸ್ಕಾರ.

ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದು ಪಟ ಇರುತ್ತದೆ. ಹೆಂಗಸೊಬ್ಬಳು ದೀಪ ಹಿಡಿದು, ಗಾಳಿಗೆ ಆರದ ಹಾಗೆ ಇನ್ನೊಂದು ಕೈ ಅಡ್ಡ ಇಟ್ಟಿದ್ದಾಳೆ. ನಮ್ಮ ನಡುಮನೆಯಲ್ಲೂ ಇತ್ತು. ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. "ರವಿವರ್ಮನ ಚಿತ್ರ" ಅಂತಲೇ ಅಪ್ಪ ಹೇಳುತ್ತಿದ್ದರು.

ಅದು ರವಿವರ್ಮನದಲ್ಲ. ರವಿವರ್ಮ 1906ರಲ್ಲೇ ತೀರಿಕೊಂಡರು, ಈ ಚಿತ್ರ 1940ರ ದಶಕದ್ದು. ಬರೆದವರು ಎಸ್.ಎಲ್. ಹಲ್ದಣಕರ್. ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಅಪ್ಪನ ಎದುರು ದೀಪ ಹಿಡಿದು ಗಂಟೆಗಟ್ಟಲೆ ನಿಂತವರು ಅವರ ಮಗಳು ಗೀತಾ. ಈ ಎರಡು ಹೆಸರು ನಮ್ಮೂರಿನವರ ಬಾಯಲ್ಲಿ ಬರಬೇಕು ಅನ್ನುವುದು ನನ್ನ ಆಸೆ.

ಮೂಲ ಚಿತ್ರ ಇರುವುದು ಜಗನ್ಮೋಹನ ಅರಮನೆಯಲ್ಲಿ. ಕೊಂಡು ತಂದವರು ಜಯಚಾಮರಾಜೇಂದ್ರ ಒಡೆಯರ್. ಅದೇ ಅರಮನೆಯ ಗೋಡೆಗಳ ಮೇಲೆ ರಾಜರಿದ್ದಾರೆ, ಪುರಾಣದವರಿದ್ದಾರೆ. ಅವರ ನಡುವೆ ದೀಪ ಹಚ್ಚಿಕೊಂಡು ಬಂದ ಮನೆಮಗಳಿಗೂ ಒಂದು ಜಾಗ ಕೊಟ್ಟರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ನಾನು ಮೊದಲು ನೋಡಿದ್ದು ದಸರಾ ರಜೆಯಲ್ಲಿ, ಅಮ್ಮನ ಕೈ ಹಿಡಿದುಕೊಂಡು. ಅಲ್ಲಿದ್ದವರು ಲೈಟ್ ಆರಿಸಿದರು. ಕತ್ತಲಲ್ಲಿ ಆ ಮುಖ ಮಾತ್ರ ಬೆಳಗಿತು. ಚಿತ್ರದ ಹಿಂದೆ ಬಲ್ಬ್ ಇಟ್ಟಿದ್ದಾರೆ ಅಂದುಕೊಂಡು ಬಗ್ಗಿ ನೋಡಿದ್ದೆ! ಏನೂ ಇರಲಿಲ್ಲ. ಬರೀ ಕಾಗದ, ನೀರಿನ ಬಣ್ಣ. ಎಣ್ಣೆಬಣ್ಣವಾದರೆ ತಪ್ಪಿದ ಕಡೆ ಮೇಲೆ ಬಳಿಯಬಹುದು. ನೀರಿನ ಬಣ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಉಳಿಸಿಕೊಳ್ಳಬೇಕು. ಒಮ್ಮೆ ಕಪ್ಪಾದರೆ ಮುಗಿಯಿತು.

ಹೋದಾಗ ಮುಖ ನೋಡಿ ಸುಮ್ನೆ ಮುಂದೆ ಹೋಗಬೇಡಿ. ದೀಪಕ್ಕೆ ಅಡ್ಡ ಇಟ್ಟ ಆ ಬೆರಳುಗಳನ್ನು ನೋಡಿ. ಸಂದಿಯಲ್ಲಿ ಬೆಳಕು ತೂರಿ ಅಂಚೆಲ್ಲ ಕೆಂಪಾಗಿದೆ. ಕರೆಂಟ್ ಹೋದ ರಾತ್ರಿ ಅಡುಗೆಮನೆಯಿಂದ ದೀಪ ತರುವಾಗ ನಮ್ಮಮ್ಮನ ಬೆರಳೂ ಹಾಗೇ ಕಾಣುತ್ತಿತ್ತು.

ಹಲ್ದಣಕರ್ 1968ರಲ್ಲಿ ಹೋದರು, ಒಡೆಯರು 1974ರಲ್ಲಿ. ದೀಪ ಹಿಡಿದ ಗೀತಾ ಉಪ್ಳೇಕರ್ ಕೊಲ್ಹಾಪುರದಲ್ಲಿ 2018ರವರೆಗೂ ಇದ್ದರು. ಆಗ ಅವರಿಗೆ 102 ವರ್ಷ.