ಕರ್ಚೀಫಿನಲ್ಲಿ ಥಿನ್ನರ್ ವಾಸನೆ

ಕೇಳುಗರಿಗೆ ನಮಸ್ಕಾರ.

ಮಕ್ಕಳ ನಶೆ ಅಂದ ಕೂಡಲೇ ನಮಗೆ ನೆನಪಾಗುವುದು ಸಿಗರೇಟು, ಬಿಯರು, ಗಾಂಜಾ. ಹತ್ತು ಹನ್ನೆರಡು ವರ್ಷದ ಹುಡುಗನ ಕೈಗೆ ಇವುಗಳಿಗಿಂತ ಸುಲಭವಾಗಿ ಸಿಗುವುದು ಬೇರೆಯೇ ಇದೆ. ಪಂಕ್ಚರ್ ಸೊಲ್ಯೂಷನ್, ಪೇಂಟಿನ ಥಿನ್ನರ್, ವೈಟ್ನರ್. ಇವನ್ನು ಮೂಸಿ ನಶೆ ಏರಿಸಿಕೊಳ್ಳುತ್ತಾರೆ. ಹುಡುಗರು ಇದಕ್ಕೆ 'ಸೊಲ್ಯೂಷನ್ ಎಳೆಯೋದು' ಅನ್ನುತ್ತಾರೆ.

ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಮೂಲಕ ಮಾಡಿಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಹೆಂಡ, ಗಾಂಜಾ, ಅಫೀಮು ಎಲ್ಲದರಲ್ಲೂ ದೊಡ್ಡವರೇ ಮುಂದು. ಮಕ್ಕಳು ದೊಡ್ಡವರನ್ನು ಮೀರಿಸಿದ್ದು ಒಂದೇ ಒಂದರಲ್ಲಿ, ಈ ಮೂಸುವ ಚಟದಲ್ಲಿ. ಆದರೂ ಇದರ ಬಗ್ಗೆ ಶಾಲೆಯ ಮೀಟಿಂಗಿನಲ್ಲಿ ಮಾತೇ ಬರುವುದಿಲ್ಲ. ಗಾಂಜಾ ಸಿಕ್ಕರೆ ಪೊಲೀಸ್ ಕೇಸು, ಪೇಪರಿನಲ್ಲಿ ಫೋಟೋ. ಥಿನ್ನರ್ ಬಾಟಲಿಯ ಫೋಟೋ ಯಾರು ಹಾಕುತ್ತಾರೆ?

ಬೀದಿಯಲ್ಲಿ ಬೆಳೆಯುವ ಮಕ್ಕಳಿಗೆ ಇದು ಹಸಿವು, ಚಳಿ ಮರೆಸುತ್ತದೆ. ಹಾಗಂತ ಯೂನಿಫಾರ್ಮ್ ಹಾಕಿದ ಮಕ್ಕಳು ಇದರಿಂದ ದೂರ ಇದ್ದಾರೆ ಅಂದುಕೊಳ್ಳಬೇಡಿ.

ಇವುಗಳಲ್ಲಿ ಹಲವಕ್ಕೆ ಟೊಲುಯೀನ್ ಎಂಬ ರಾಸಾಯನಿಕ ಬೆರೆತಿರುತ್ತದೆ. ಥಿನ್ನರ್ ಬಣ್ಣ, ಜಿಡ್ಡು ಎಲ್ಲ ಕರಗಿಸುತ್ತದೆ, ಅಲ್ವಾ? ಮಿದುಳಿನಲ್ಲೂ ಕೊಬ್ಬಿನಂಶ ಜಾಸ್ತಿ. ಆವಿ ಕೆಲವೇ ಸೆಕೆಂಡಿನಲ್ಲಿ ಅಲ್ಲಿಗೆ ಹೋಗಿ ಸೇರುತ್ತದೆ. ನಶೆ ಕೆಲವು ನಿಮಿಷಕ್ಕೇ ಇಳಿಯುವುದರಿಂದ ಮತ್ತೆ ಮತ್ತೆ ಎಳೆಯುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ನರಗಳ ಮೇಲಿನ ಕೊಬ್ಬಿನ ಪೊರೆ ಹಾಳಾಗುತ್ತದೆ. ನೆನಪು ಕುಂದುತ್ತದೆ, ನಡಿಗೆ ತೂರಾಡುತ್ತದೆ.

ಅಷ್ಟೇ ಅಲ್ಲ. ಹೆದರಿದಾಗ, ಓಡಿದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕುತ್ತದೆ. ಈ ಆವಿ ಹೃದಯವನ್ನು ಅದಕ್ಕೆ ಅತಿಸೂಕ್ಷ್ಮ ಮಾಡುತ್ತದೆ. ಆ ಹೊತ್ತಿನಲ್ಲಿ ಹುಡುಗ ಬೆಚ್ಚಿ ಓಡಿದರೆ ಬಡಿತ ತಪ್ಪಿ ಅಲ್ಲೇ ಸಾಯಬಹುದು. ಅದು ಮೊದಲನೇ ಸಲವೇ ಆಗಿದ್ದರೂ! ಅದಕ್ಕೇ, ಮೂಸುತ್ತಿರುವವನನ್ನು ಕಂಡರೆ ಗದರಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಮೆಲ್ಲಗೆ ಗಾಳಿ ಬರುವ ಜಾಗಕ್ಕೆ ಕರೆದುಕೊಂಡು ಹೋಗಿ ಕೂರಿಸಿ. ಪ್ರಜ್ಞೆ ತಪ್ಪಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಬೈಯುವುದೇನಿದ್ದರೂ ನಾಳೆ ನೋಡಿಕೊಳ್ಳಿ.

ಗುರುತು ಏನು? ಬಟ್ಟೆಯಲ್ಲಿ ಥಿನ್ನರ್ ವಾಸನೆ, ಜೇಬಿನಲ್ಲಿ ಒರಟಾಗಿ ಒಣಗಿದ ಕರ್ಚೀಫು, ಬಾಯಿ ಮೂಗಿನ ಸುತ್ತ ಗುಳ್ಳೆ. ಸೈಕಲ್ಲೇ ಇಲ್ಲದ ಮನೆಯಲ್ಲಿ ಪಂಕ್ಚರ್ ಟ್ಯೂಬು.

ಇದನ್ನು ಬಿಡಿಸಲು ಅಂತಲೇ ಒಂದು ಮಾತ್ರೆ ಇಲ್ಲ. ಮಾತನಾಡಿಸಿ, ಗೆಳೆಯರ ಗುಂಪು ಬದಲಾಗಿ, ಮತ್ತೆ ಶಾಲೆಗೆ ಹೊಂದಿಕೊಂಡು ನಿಧಾನಕ್ಕೆ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಅಲ್ಲಿಗೆ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಹುಡುಗ ಬರಲು ಒಪ್ಪದಿದ್ದರೆ ಅಪ್ಪ ಅಮ್ಮನೇ ಮೊದಲು ಮಾತನಾಡಿದರೂ ಆಯಿತು. ನಂಬರ್ ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 14416.

ನಮಸ್ಕಾರ.