ಎರಡು ಸಾಲು ಅದಲು ಬದಲು, ಭೂಮಿ ಮತ್ತೆ ದಾರಿಗೆ

ಭೂಮಿ ಸೂರ್ಯನನ್ನು ಸುತ್ತುವುದನ್ನು ತೋರಿಸಲು ಒಂದು ಪ್ರೋಗ್ರಾಮ್ ಬರೆದಿದ್ದೀನಿ. ಸ್ಕ್ರೀನ್ ಮೇಲೆ ಕಾಣುತ್ತಿರುವ ಹಳದಿ ಚುಕ್ಕೆ ಸೂರ್ಯ. ನೀಲಿ ಚುಕ್ಕೆ ಭೂಮಿ. ಅದು ಬಿಟ್ಟು ಹೋಗುತ್ತಿರುವ ಗೆರೆ ನೋಡಿ. ಸುತ್ತು ಕೂಡಿಕೊಳ್ಳುತ್ತಲೇ ಇಲ್ಲ, ಸುರುಳಿ ಬಿಚ್ಚಿದ ಹಾಗೆ ಹೊರಗೆ ಹೋಗ್ತಾ ಇದೆ. ಪ್ರೋಗ್ರಾಮಿನಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಭೂಮಿ ಹೆಚ್ಚು ಕಡಿಮೆ ಮಂಗಳನಷ್ಟು ದೂರ ಹೋಗಿಬಿಟ್ಟಿದೆ. ನಿನ್ನೆ ರಾತ್ರಿ ಬಹಳ ಹೊತ್ತು ಇದನ್ನೇ ನೋಡುತ್ತಾ ಕೂತಿದ್ದೆ.

ಬರೆದಿರುವ ಲೆಕ್ಕ ದೊಡ್ಡದೇನಲ್ಲ. ಸೂರ್ಯನಿಂದ ಭೂಮಿಗೆ ಸುಮಾರು 15 ಕೋಟಿ ಕಿಲೋಮೀಟರ್. ಅದನ್ನು 1 ಅಂತ ಇಟ್ಟುಕೊಂಡೆ. ಕಾಲವನ್ನು ವರ್ಷದಲ್ಲಿ ಎಣಿಸಿದೆ. ಆಗ ಭೂಮಿಯ ವೇಗ 2 ಪೈ, ಅಂದರೆ 6.28. ಸೂರ್ಯನ ಸೆಳೆತದ ಸಂಖ್ಯೆ 39.48. ಉದ್ದುದ್ದ ಸೊನ್ನೆಗಳ ಕಾಟವೇ ಇಲ್ಲ. ದೂರ ಎರಡರಷ್ಟಾದರೆ ಸೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ, ನಿಯಮ ಅಷ್ಟೇ. ಒಂದೊಂದು ಹೆಜ್ಜೆ 0.01 ವರ್ಷ, ಮೂರೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ.

ಇಲ್ಲಿ ಈ ಎರಡು ಸಾಲು ನೋಡಿ. ಮೊದಲನೆಯದು ಭೂಮಿಯನ್ನು ಸರಿಸುತ್ತದೆ. ಎರಡನೆಯದು, ಸರಿಯುವ ಮುಂಚಿನ ಜಾಗದಲ್ಲೇ ಲೆಕ್ಕ ಹಾಕಿಟ್ಟ ಸೆಳೆತದಿಂದ, ವೇಗ ಬದಲಿಸುತ್ತದೆ. ಅಂದರೆ ಭೂಮಿ ಪ್ರತಿ ಸಲವೂ ಹಳೆಯ ವೇಗದಲ್ಲೇ ನೇರವಾಗಿ ಸ್ವಲ್ಪ ಆಚೆ ಹೋಗುತ್ತದೆ. ಪ್ರತಿ ಹೆಜ್ಜೆಗೂ ಒಂದಿಷ್ಟು ಶಕ್ತಿ ಸುಮ್ನೆ ಸೇರಿಕೊಳ್ಳುತ್ತದೆ. ನೂರು ಹೆಜ್ಜೆಗೆ ಅದೇ ದೊಡ್ಡ ಮೊತ್ತ. ಇದಕ್ಕೆ ಆಯ್ಲರ್ ವಿಧಾನ ಅಂತಾರೆ.

ಈಗ ಎರಡೂ ಸಾಲನ್ನು ಅದಲು ಬದಲು ಮಾಡ್ತೀನಿ. ಮೊದಲು ವೇಗ ಬದಲಾಗಲಿ, ಆ ಹೊಸ ವೇಗದಲ್ಲಿ ಭೂಮಿ ಸರಿಯಲಿ. ಬೇರೇನನ್ನೂ ಮುಟ್ಟಿಲ್ಲ. ರನ್ ಮಾಡಿದೆ... ನೋಡಿ! ಸುತ್ತು ಕೂಡಿತು. ನೂರು ವರ್ಷ ಓಡಿಸಿದರೂ ಅಲ್ಲೇ ಸುತ್ತುತ್ತಿದೆ. ಶಕ್ತಿ ಒಂಚೂರು ಮೇಲೆ ಕೆಳಗೆ ಆಗುತ್ತದೆ, ಆದರೆ ಏರುತ್ತಾ ಹೋಗುವುದಿಲ್ಲ.

ನನಗೆ ಮೈ ಜುಮ್ಮೆಂದದ್ದು ಆಮೇಲೆ. 1687ರ ತನ್ನ ಪ್ರಿನ್ಸಿಪಿಯಾ ಪುಸ್ತಕದಲ್ಲಿ ನ್ಯೂಟನ್ ಮೊದಲ ಪ್ರಮೇಯಕ್ಕೆ ಕೊಟ್ಟ ಸಾಧನೆಯೇ ಹೀಗಿದೆ: ಕಾಯ ಸ್ವಲ್ಪ ದೂರ ನೇರ ಹೋಗುತ್ತದೆ, ಕೇಂದ್ರದ ಕಡೆಗೆ ಒಂದು ತಳ್ಳು ಸಿಗುತ್ತದೆ, ಬದಲಾದ ವೇಗದಲ್ಲಿ ಮತ್ತೆ ನೇರ ಹೋಗುತ್ತದೆ. ನನ್ನ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಆ ಎರಡು ಸಾಲು ಕೂಡ ಅದೇ ಅಲ್ವಾ? ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣ ಸವರುತ್ತದೆ ಅಂತ ಕೆಪ್ಲರ್ 1609ರಲ್ಲಿ ಹೇಳಿದ್ದನ್ನು ನ್ಯೂಟನ್ ಹೀಗೆ ತ್ರಿಕೋನಗಳನ್ನು ಜೋಡಿಸಿ ತೋರಿಸಿದ.

ಇನ್ನೊಂದು ತೋರಿಸ್ತೀನಿ. ಶುರುವಿನ ವೇಗವನ್ನು 5ಕ್ಕೆ ಇಳಿಸಿ, ಹೆಜ್ಜೆಯನ್ನು ಹತ್ತು ಪಟ್ಟು ಸಣ್ಣದು ಮಾಡಿದೆ. ಈಗ ದಾರಿ ದೀರ್ಘವೃತ್ತ. ಆ ಆಕಾರ ಪ್ರೋಗ್ರಾಮಿನಲ್ಲಿ ಎಲ್ಲೂ ಇಲ್ಲ, ತಾನಾಗಿಯೇ ಬಂತು. ಒಂದೊಂದು ಹೆಜ್ಜೆಗೂ ಬೀಳುವ ಚುಕ್ಕೆಗಳು ಸೂರ್ಯನ ಹತ್ತಿರ ದೂರ ದೂರ, ಆಚೆ ತುದಿಯಲ್ಲಿ ಒತ್ತೊತ್ತಾಗಿ ಬಿದ್ದಿವೆ. ವೇಗ 8.89 ದಾಟಿಸಿದರೆ ಭೂಮಿ ವಾಪಸ್ ಬರುವುದೇ ಇಲ್ಲ.

ಇಲ್ಲಿವರೆಗೂ ಸೂರ್ಯನನ್ನು ಮಧ್ಯದಲ್ಲಿ ಮೊಳೆ ಹೊಡೆದು ಕೂರಿಸಿದ್ದೆ. ಇವತ್ತು ಆ ಮೊಳೆ ಕಿತ್ತು ಗುರುವನ್ನು ಸೇರಿಸ್ತೀನಿ. ದೂರ 5.2, ತೂಕ ಸೂರ್ಯನ ಸುಮಾರು 1047ರಲ್ಲಿ ಒಂದು ಪಾಲು. ಹಳದಿ ಚುಕ್ಕೆಯೂ ಅಲುಗಾಡಬೇಕು. ಜೂಮ್ ಮಾಡಿ ಕಾಯ್ತಿದ್ದೀನಿ.