ಕಾಲಿಗೆ ಮೈ ತಿಕ್ಕುವ ಪರದೇಶದ ಬೆಕ್ಕುಗಳು

ಕೇಳುಗರೇ, ನಮಸ್ಕಾರ.

ಬೀದಿ ಬೆಕ್ಕು ಮನುಷ್ಯರನ್ನು ಕಂಡರೆ ಓಡುವುದು ಸಹಜ. ಆದರೆ ಕೆಲವು ಊರುಗಳಲ್ಲಿ ಅದು ಬಾಲ ಎತ್ತಿಕೊಂಡು ಸೀದಾ ನಿಮ್ಮ ಹತ್ತಿರವೇ ಬರುತ್ತದೆ. ಭಾಷೆ ಬಾರದ, ಒಬ್ಬರ ಪರಿಚಯವೂ ಇಲ್ಲದ ದೇಶದಲ್ಲಿ ಹೀಗಾದರೆ ಮನಸ್ಸಿಗೆ ಎಷ್ಟು ಹಾಯೆನಿಸುತ್ತದೆ, ಅಲ್ವಾ? ಅಂಥ ಬೆಕ್ಕನ್ನು ಕಂಡಾಗಲೆಲ್ಲ ನನಗೆ ಆ ಬೀದಿಯ ಜನರ ಮೇಲೂ ಪ್ರೀತಿ ಹುಟ್ಟುತ್ತದೆ.

ಅದಕ್ಕೆ ಕಾರಣ ಇದೆ. ಬೆಕ್ಕಿನ ಮರಿ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದರೆ ಸಲಿಗೆ ಸುಲಭವಾಗಿ ಬರುತ್ತದೆ. ಆ ದಿನಗಳು ಕಳೆದರೆ ಹೆದರಿಕೆ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ನಿಮ್ಮ ಕಾಲಿಗೆ ಮೈ ತಿಕ್ಕುವ ಬೆಕ್ಕನ್ನು ಚಿಕ್ಕಂದಿನಲ್ಲಿ ಯಾರೋ ಎತ್ತಿ ಮುದ್ದಿಸಿರುತ್ತಾರೆ. ಕೆಲವು ಮಾತ್ರ ಮನೆಯಲ್ಲಿ ಬೆಳೆದು ಆಮೇಲೆ ಬೀದಿಪಾಲಾದವು. ಅವುಗಳ ಕಥೆ ಬೇರೆ, ನೋವಿನದು.

ಟರ್ಕಿಯ ಇಸ್ತಾಂಬುಲ್ ಈ ವಿಷಯದಲ್ಲಿ ದೊಡ್ಡ ಊರು. ಅಂಗಡಿ ಮೆಟ್ಟಿಲ ಪಕ್ಕ ನೀರಿನ ಬಟ್ಟಲು. ಗೋಡೆಗೆ ಒತ್ತಿಕೊಂಡು ಪುಟ್ಟ ಮರದ ಗೂಡು, ಒಳಗೆ ಹಳೇ ಕಂಬಳಿ ತುಂಡು. ಕುರ್ಚಿಯ ಮೇಲೆ ಬೆಕ್ಕು ಮಲಗಿದ್ದರೆ ಗಿರಾಕಿಯೇ ಬೇರೆ ಕುರ್ಚಿ ಹುಡುಕಿಕೊಳ್ಳುತ್ತಾನೆ. ಅಲ್ಲಿ ಆಗ ಮ್ಯೂಸಿಯಂ ಆಗಿದ್ದ ಹಾಗಿಯಾ ಸೋಫಿಯಾ ಅನ್ನುವ ಹಳೇ ಕಟ್ಟಡದಲ್ಲಿ ಗ್ಲಿ ಅಂತ ಒಂದು ಮೆಳ್ಳಗಣ್ಣಿನ ಹೆಣ್ಣು ಬೆಕ್ಕಿತ್ತು. 2009ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಬಂದಾಗ ಅದರ ಮೈ ಸವರಿದ್ದರು. 2020ರಲ್ಲಿ ಆ ಕಟ್ಟಡ ಮತ್ತೆ ಮಸೀದಿಯಾದಾಗ, ಗ್ಲಿ ಗತಿಯೇನು ಅಂತ ಜನ ಕೇಳಿದರು. ಅದು ಅಲ್ಲೇ ಇರುತ್ತದೆ ಅಂತ ಸರ್ಕಾರ ಹೇಳಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಗ್ಲಿ ತೀರಿಕೊಂಡಿತು.

ಅದೇ ಊರಿನ ಕಾಡಿಕೊಯ್ ಭಾಗದಲ್ಲಿ ತೊಂಬಿಲಿ ಅನ್ನುವ ಗುಂಡು ಬೆಕ್ಕು ಇತ್ತು. ರಸ್ತೆಬದಿಯ ಮೆಟ್ಟಿಲಿಗೆ ಮೊಣಕೈ ಊರಿ, ಹೊಟ್ಟೆ ಬಿಟ್ಟುಕೊಂಡು, ಊರ ಯಜಮಾನನ ಹಾಗೆ ಕೂರುತ್ತಿತ್ತು. 2016ರಲ್ಲಿ ಅದು ಸತ್ತಾಗ ಜನ ಒತ್ತಾಯ ಮಾಡಿ, ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಕಂಚಿನ ಮೂರ್ತಿ ಇಡಿಸಿದರು. ಮುಂದಿನ ತಿಂಗಳೇ ಮೂರ್ತಿ ಕಳುವಾಯಿತು. ಊರೆಲ್ಲ ಗಲಾಟೆ. ಕೆಲವೇ ದಿನದಲ್ಲಿ ಮೂರ್ತಿ ವಾಪಸ್ ಬಂತು!

ಇಂಥ ಬೆಕ್ಕು ಎದುರಾದರೆ ಮೊದಲು ಕೆಳಗೆ ಕೂತುಕೊಳ್ಳಿ. ನೆಟ್ಟ ನೋಟ ಬೇಡ. ಕಣ್ಣು ನಿಧಾನವಾಗಿ ಮುಚ್ಚಿ ತೆರೆಯಿರಿ. ಹೀಗೆ ಮಾಡಿದರೆ ಬೆಕ್ಕು ಅಪರಿಚಿತರ ಹತ್ತಿರವೂ ಬರುವುದು ಜಾಸ್ತಿ ಅಂತ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಬೆರಳು ಮುಂದೆ ಚಾಚಿ ಸುಮ್ನೆ ಕಾಯಿರಿ. ಅದು ಮೂಸಿ ನೋಡಿ, ತುಟಿಯ ಅಂಚಿನಿಂದ ಕೆನ್ನೆಯವರೆಗೆ ನಿಮ್ಮ ಬೆರಳಿಗೆ ಒತ್ತಿ ಉಜ್ಜುತ್ತದೆ. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ತನಗೆ ಪರಿಚಯದ್ದು ಅಂತ ನಿಮಗೆ ಗುರುತು ಹಾಕುವ ರೀತಿ ಅದು. ಹೊಟ್ಟೆ ತೋರಿಸಿ ಹೊರಳಿದರೆ ಮಾತ್ರ ಹೊಟ್ಟೆ ಮುಟ್ಟಲು ಹೋಗಬೇಡಿ. ಹಾಲನ್ನೂ ಕೊಡಬೇಡಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗದು. ನೀರು ಸಾಕು.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೇ ಸಾಧು ಬೆಕ್ಕಾದರೂ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ವೈದ್ಯರ ಹತ್ತಿರ ಹೋಗಿ. ಟರ್ಕಿ, ಮೊರಾಕೊದಂಥ ದೇಶಗಳಲ್ಲಿ ರೇಬೀಸ್ ಇನ್ನೂ ಇದೆ. ಊರಿಗೆ ಹೋಗಿ ನೋಡಿಕೊಳ್ಳೋಣ ಅನ್ನುವಂತಿಲ್ಲ.

ಬೆಕ್ಕಿನ ಕಿವಿಯನ್ನೂ ಗಮನಿಸಿ. ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಅದು ಜಗಳದ ಗಾಯವಲ್ಲ. ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನುವ ಗುರುತು. ಜಪಾನಿನಲ್ಲಿ ಚೆರಿ ಹೂವಿನ ಎಸಳಿನ ಆಕಾರದಲ್ಲಿ ಕಚ್ಚು ಹಾಕುತ್ತಾರೆ. ಅಂಥ ಬೆಕ್ಕನ್ನು ಅಯ್ಯೋ ಪಾಪ ಅಂತ ಎತ್ತಿಕೊಂಡು ಹೋಗಬೇಡಿ. ಅದಕ್ಕೆ ಅದರದೇ ಜಾಗ ಇದೆ, ಅನ್ನ ಹಾಕುವವರಿದ್ದಾರೆ. ಇಟಲಿಯಲ್ಲಂತೂ 1991ರ ಕಾನೂನಿನ ಪ್ರಕಾರ ಚಿಕಿತ್ಸೆ ಮಾಡಿದ ಬೀದಿ ಬೆಕ್ಕನ್ನು ಅದರ ಗುಂಪಿಗೇ ವಾಪಸ್ ಬಿಡಬೇಕು.

ರೋಮ್‌ಗೆ ಹೋದರೆ ಟೊರೆ ಅರ್ಜೆಂಟೀನಾ ಅನ್ನುವ ಚೌಕ ನೋಡಿ. ಜೂಲಿಯಸ್ ಸೀಸರ್‌ನನ್ನು ಕೊಂದ ಜಾಗ. ರಸ್ತೆಗಿಂತ ಕೆಳಗಿರುವ ಆ ಮುರಿದ ಕಂಬಗಳ ನಡುವೆ ಈಗ ಬೆಕ್ಕುಗಳು ಬಿಸಿಲು ಕಾಯುತ್ತವೆ. 1990ರ ದಶಕದಿಂದ ಸ್ವಯಂಸೇವಕರು ಅವುಗಳನ್ನು ಸಾಕುತ್ತಿದ್ದಾರೆ. ಕುರುಡಾದವು, ಕಾಲು ಕಳೆದುಕೊಂಡವು, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಬೆಕ್ಕನ್ನು ಮನೆಗೆ ತರಲಾಗದವರು ದೂರದಿಂದಲೇ ಒಂದನ್ನು ದತ್ತು ತಗೊಂಡು, ಅದರ ಊಟ ಔಷಧಿಯ ಖರ್ಚಿಗೆ ಹಣ ಕಳಿಸಬಹುದು.

ನಮಸ್ಕಾರ.